ಪೋಸ್ಟ್ ಹಾಕಿದ ಮೇಲೆ ಏನು? ಕರಾವಳಿಯ ಆನ್‌ಲೈನ್ ಹೋರಾಟ ಅರ್ಥ ಮಾಡಿಕೊಳ್ಳಲು

2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯದ್ದು ಎನ್ನಲಾದ ಗುಂಪೊಂದು ನುಗ್ಗಿತು. ಅಲ್ಲಿದ್ದ ಹುಡುಗಿಯರನ್ನು ಹೊಡೆದು ಹೊರಗೆ ಅಟ್ಟಿತು. ಎಲ್ಲವೂ ಟಿವಿ ಕ್ಯಾಮೆರಾ ಎದುರೇ ನಡೆಯಿತು. ಎರಡೇ ವಾರದಲ್ಲಿ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ ಒಂದು ಗುಂಪು ತೆರೆದರು. ಪ್ರೇಮಿಗಳ ದಿನಕ್ಕೆ ಶ್ರೀರಾಮ ಸೇನೆಯ ಕಚೇರಿಗೆ ಗುಲಾಬಿ ಬಣ್ಣದ ಚಡ್ಡಿಗಳನ್ನು ಅಂಚೆಯಲ್ಲಿ ಕಳಿಸಿ ಎಂದು ಕರೆ ಕೊಟ್ಟರು. ಸಾವಿರಾರು ಜನ ಸೇರಿದರು. ವಿದೇಶದ ಪತ್ರಿಕೆಗಳೂ ಬರೆದವು. ಭಾರತದಲ್ಲಿ ಆನ್‌ಲೈನ್ ಪ್ರತಿಭಟನೆಯ ಮಾತು ಬಂದಾಗಲೆಲ್ಲ ಈ ‘ಪಿಂಕ್ ಚಡ್ಡಿ’ ಅಭಿಯಾನದ ಹೆಸರು ಈಗಲೂ ಬರುತ್ತದೆ.

ಇನ್ನು ಕೇಸಿನ ಕಥೆ. 2018ರ ಮಾರ್ಚ್‌ನಲ್ಲಿ ಮಂಗಳೂರಿನ ಕೋರ್ಟ್ ಸಾಕ್ಷ್ಯ ಸಾಲದು ಎಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಇಡೀ ದೇಶ ಟಿವಿಯಲ್ಲಿ ನೋಡಿದ ಹಲ್ಲೆಗೆ ಕೋರ್ಟಿನಲ್ಲಿ ಸಾಕ್ಷ್ಯ ನಿಲ್ಲಲಿಲ್ಲ.

2012ರ ಜುಲೈ 28ರಂದು ಪಡೀಲ್‌ನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿ ನಡೆಯಿತು. ಅದನ್ನು ವರದಿ ಮಾಡಿ ಜಗತ್ತಿಗೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆ ಅವರನ್ನೇ ಪೊಲೀಸರು ಆರೋಪಿ ಮಾಡಿದರು. ನವೆಂಬರ್‌ನಲ್ಲಿ ಬಂಧಿಸಿದರು. ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಅವರ ಬಿಡುಗಡೆಗಾಗಿ ಊರಲ್ಲೂ ಆನ್‌ಲೈನಲ್ಲೂ ಜನ ದನಿ ಎತ್ತಿದರು. ದಾಳಿಯ ಕೇಸು ಮಾತ್ರ 2024ರವರೆಗೆ ನಡೆಯಿತು. ಕೊನೆಗೆ ಅಲ್ಲೂ ಆರೋಪಿಗಳು ಖುಲಾಸೆಯಾದರು.

ಒಂದು 9 ವರ್ಷ, ಇನ್ನೊಂದು 12 ವರ್ಷ. ನಮ್ಮ ಸಿಟ್ಟು ಎಷ್ಟು ದಿನ ಇತ್ತು? ಮಂಗಳೂರು, ಉಡುಪಿ ಕಡೆ ಪ್ರಗತಿಪರ ರಾಜಕೀಯ ಬರವಣಿಗೆಗೆ ಇಳಿಯುವ ಪ್ರತಿಯೊಬ್ಬರೂ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬರೆಯುವುದು ಸುಮ್ನೆ ಎಂದು ನಾನು ಹೇಳುತ್ತಿಲ್ಲ. ಸೂರಿಂಜೆ ಅವರ ವರದಿ ಇಲ್ಲದಿದ್ದರೆ ಆ ರಾತ್ರಿ ಏನಾಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬರೆದದ್ದು ಬದಲಾವಣೆಯಾಗಿ ಕಾಣಬೇಕಾದರೆ ನಡುವೆ ತುಂಬಾ ಕೆಲಸ ಇದೆ. ಈ ಲೇಖನ ಆ ಕೆಲಸದ ಬಗ್ಗೆ.

ಗಮನ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಆನ್‌ಲೈನ್ ಹೋರಾಟದ ಬಳಗ ಅಂದರೆ ನಮ್ಮಲ್ಲಿ ಹೆಚ್ಚಾಗಿ ಹೀಗಿರುತ್ತದೆ: ಬರೆಯುವವರು ನಾಲ್ಕೈದು ಜನ, ಹಂಚುವವರು ನೂರಾರು ಜನ, ಓದಿ ಸುಮ್ಮನಿರುವವರು ಸಾವಿರಾರು ಜನ. ಇವರ ಜೊತೆಗೆ ಯಾವ ಪೋಸ್ಟನ್ನೂ ಹಾಕದೆ ಡಿಸಿ ಆಫೀಸಿಗೆ ಅಲೆಯುವ, ಧರಣಿಗೆ ಶಾಮಿಯಾನ ಕಟ್ಟಿಸುವ, ವಕೀಲರ ಮನೆಗೆ ಫೈಲ್ ಮುಟ್ಟಿಸುವ ಒಂದಷ್ಟು ಜನ. ಹೊರಗಿನವರಿಗೆ ಕಾಣುವುದು ಮೊದಲ ನಾಲ್ಕೈದು ಜನ. ಬಳಗ ನಿಂತಿರುವುದು ಕೊನೆಯವರ ಮೇಲೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗಳಿಗೆ ಬೇಕಾಗಿರುವುದು ಜನ ಪರದೆ ಬಿಟ್ಟು ಏಳದೆ ಇರುವುದು. ಹಾಗಾಗಿ ಜಾಸ್ತಿ ಕಾಮೆಂಟ್ ಬರುವ, ಜಾಸ್ತಿ ಜಗಳ ಹತ್ತುವ ಪೋಸ್ಟ್ ಜಾಸ್ತಿ ಜನರ ಎದುರು ಬರುತ್ತದೆ. ಒಬ್ಬ ರಾಜಕಾರಣಿಯ ದ್ವೇಷದ ಮಾತನ್ನು ನಾವು ‘ಥೂ’ ಎಂದು ಹಂಚಿದರೂ ಆ ಮಾತು ಇನ್ನೂ ನೂರು ಮನೆಗೆ ಮುಟ್ಟುತ್ತದೆ. ನಾವು ಯಾಕೆ ಹಂಚಿದೆವು ಎಂಬುದು ಯಂತ್ರಕ್ಕೆ ಬೇಡದ ವಿಷಯ. ಕರಾವಳಿಯಲ್ಲಿ ಈ ತಪ್ಪು ಪ್ರತಿ ಚುನಾವಣೆಯಲ್ಲೂ ಕಾಣುತ್ತದೆ. ಎದುರಿನವರು ವಿಷಯ ಆರಿಸುತ್ತಾರೆ, ನಾವು ಉತ್ತರ ಬರೆಯುತ್ತಾ ಕೂರುತ್ತೇವೆ. ಮೀನುಗಾರರ ಡೀಸೆಲ್ ಸಬ್ಸಿಡಿ, ಬೀಡಿ ಕಟ್ಟುವವರ ಕೂಲಿ, ಕಡಲ್ಕೊರೆತಕ್ಕೆ ಸುರಿದ ಕಲ್ಲಿನ ಬಿಲ್ಲು ಇವೆಲ್ಲ ಹಾಗೇ ಉಳಿಯುತ್ತವೆ.

ನಮ್ಮ ಕಡೆ ಸುದ್ದಿ ಹೆಚ್ಚು ಓಡಾಡುವುದು ವಾಟ್ಸಾಪಿನಲ್ಲಿ. ಅಲ್ಲಿನ ನಿಯಮ ಬೇರೆ. 2018ರ ಜುಲೈನಿಂದ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಆಗಲೇ ತುಂಬಾ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದಿದ್ದರೆ, 2020ರಿಂದ ಒಮ್ಮೆಗೆ ಒಂದೇ ಕಡೆಗೆ. ವದಂತಿಯಿಂದ ಜನ ಸತ್ತ ಮೇಲೆ ಬಂದ ಮಿತಿಗಳು ಇವು. ಬಳಗಕ್ಕೆ ಇದರಲ್ಲೊಂದು ಪಾಠ ಇದೆ. ಎಲ್ಲಿಂದಲೋ ಬಂದ ಫಾರ್ವರ್ಡಿಗಿಂತ ನಮ್ಮ ಊರಿನ ಗುರುತಿನವರು ತಾವೇ ಟೈಪ್ ಮಾಡಿ, ಹೆಸರು ಹಾಕಿ ಕಳಿಸಿದ ನಾಲ್ಕು ಸಾಲನ್ನು ಜನ ನಂಬುತ್ತಾರೆ.

ಟೈಪ್ ಮಾಡುವ ಮಾತು ಬಂದಾಗ ಒಂದು ಸಂಗತಿ ಹೇಳಲೇಬೇಕು. ಕನ್ನಡವನ್ನು ಸರಾಗವಾಗಿ ಟೈಪ್ ಮಾಡಲು ಬರುವ ಕೀಲಿಮಣೆ ವಿನ್ಯಾಸ ಕೊಟ್ಟವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದೂ ಇಲ್ಲಿಂದಲೇ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರಿಂದ. ಇಂಥ ಊರಿನಲ್ಲಿ ಕೂತು ಇಂಗ್ಲಿಷಿನಲ್ಲಷ್ಟೇ ರಾಜಕೀಯ ಬರೆದರೆ ಅದು ಮುಟ್ಟಬೇಕಾದವರಿಗೆ ಮುಟ್ಟುವುದಿಲ್ಲ. ಕನ್ನಡದಲ್ಲಿ ಬರೆದು, ಎರಡು ನಿಮಿಷದ ತುಳು ಅಥವಾ ಬ್ಯಾರಿ ವಿಡಿಯೊ ಮಾಡಿದರೆ ಮುಟ್ಟುತ್ತದೆ.

ಸುರತ್ಕಲ್‌ನಲ್ಲಿ ಆದದ್ದು

ಗೆದ್ದ ಹೋರಾಟವನ್ನು ಹತ್ತಿರದಿಂದ ನೋಡೋಣ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಬಳಿ ಟೋಲ್‌ಗೇಟ್ ಇತ್ತು. ತಾತ್ಕಾಲಿಕ ಎಂದು ಹೇಳಿ ಶುರು ಮಾಡಿದ್ದು ವರ್ಷಗಟ್ಟಲೆ ನಡೆಯಿತು. ಸ್ವಲ್ಪ ಮುಂದೆ ಹೋದರೆ ಹೆಜಮಾಡಿಯಲ್ಲಿ ಮತ್ತೊಂದು ಟೋಲ್. ಟೋಲ್‌ಗೇಟ್ ವಿರೋಧಿ ಹೋರಾಟ ಸಮಿತಿ ಹಲವು ವರ್ಷ ಧರಣಿ, ಪಾದಯಾತ್ರೆ, ಮನವಿ ಎಂದು ಓಡಾಡಿತು. ಸಮಿತಿಯ ಸಂಚಾಲಕ ಮುನೀರ್ ಕಾಟಿಪಳ್ಳ ಮತ್ತು ಸಂಗಾತಿಗಳು ಫೇಸ್‌ಬುಕ್ಕಿನಲ್ಲಿ ಇದರ ಬಗ್ಗೆ ಬಿಡದೆ ಬರೆದರು.

ಅವರು ಏನು ಬರೆದರು ಎಂಬುದು ಮುಖ್ಯ. ‘ಹಗಲು ದರೋಡೆ’ ಎಂಬ ಮಾತು ಇತ್ತು, ಇರಲಿ. ಅದರ ಜೊತೆಗೆ ನಿಯಮ ಇತ್ತು. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಒಂದೇ ದಿಕ್ಕಿನಲ್ಲಿ ಎರಡು ಟೋಲ್ ಪ್ಲಾಜಾಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರ ಇರಬೇಕು. ವಿನಾಯಿತಿಗಳಿವೆ, ಆದರೆ ಅವಕ್ಕೆ ಕಾರಣ ಕೊಡಬೇಕು. 2022ರ ಮಾರ್ಚ್ 22ರಂದು ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಅವರೇ ಲೋಕಸಭೆಯಲ್ಲಿ, 60 ಕಿಲೋಮೀಟರ್ ಒಳಗಿನ ಹೆಚ್ಚುವರಿ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದರು. ಇನ್ನೇನು ಬೇಕು? ಮೂರು ತಿಂಗಳು ಕಳೆಯಿತು, ಟೋಲ್ ಇದ್ದಲ್ಲೇ ಇತ್ತು. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮಂತ್ರಿ ಸಂಸತ್ತಿನಲ್ಲಿ ಕೊಟ್ಟ ಮಾತು ಎಲ್ಲಿ ಹೋಯಿತು? ಪಕ್ಷ ಯಾವುದೇ ಇರಲಿ, ದಿನಾ ಆ ಗೇಟಿನಲ್ಲಿ ದುಡ್ಡು ಕೊಡುವ ಲಾರಿ ಚಾಲಕನಿಗೂ ಕಾರಿನವನಿಗೂ ಅರ್ಥವಾಗುವ ಪ್ರಶ್ನೆ ಇದು.

2022ರ ಅಕ್ಟೋಬರ್ 18ರಂದು ಜನ ಟೋಲ್‌ಗೇಟ್‌ಗೆ ಮುತ್ತಿಗೆ ಹಾಕಿದರು. ಅಕ್ಟೋಬರ್ 28ರಿಂದ ಹಗಲು ರಾತ್ರಿ ಧರಣಿ ಕೂತರು. ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು.

ಈ ಹೋರಾಟಕ್ಕೂ ಒಂದು ಕೊಳಕು ಮುಖ ಎದುರಾಯಿತು. ಮುತ್ತಿಗೆಯ ಮುಂಚೂಣಿಯಲ್ಲಿದ್ದ ಮಹಿಳೆಯೊಬ್ಬರ ಫೋಟೊ ಹಾಕಿ ಫೇಸ್‌ಬುಕ್ಕಿನಲ್ಲಿ ಅಸಭ್ಯವಾಗಿ ಬರೆದರು. ಆ ಮಹಿಳೆ ಹೆದರಿ ಮೂಲೆ ಸೇರಲಿಲ್ಲ, ದೂರು ಕೊಟ್ಟರು, ಕೇಸು ದಾಖಲಾಯಿತು. ನಮ್ಮಲ್ಲಿ ಬರೆಯುವ ಹೆಣ್ಣುಮಕ್ಕಳಿಗೆ ಸಿಗುವ ಉತ್ತರ ಯಾವಾಗಲೂ ವಿಷಯದ ಮೇಲಿರುವುದಿಲ್ಲ, ಅವರ ದೇಹದ ಮೇಲೆ, ಮನೆಯವರ ಮೇಲೆ ಇರುತ್ತದೆ. ಆಗ ಬಳಗ ಮಾಡಬೇಕಾದ್ದು ‘ನಿಮ್ಮ ಜೊತೆ ಇದ್ದೇವೆ’ ಎಂಬ ಕಾಮೆಂಟಿಗಿಂತ ಜಾಸ್ತಿ. ಪೋಸ್ಟ್ ಅಳಿಸಿ ಹೋಗುವ ಮುಂಚೆ ಲಿಂಕ್, ದಿನಾಂಕ, ಸಮಯ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಸೈಬರ್ ಅಪರಾಧದ 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ. ಇಂಥ ಕಿರುಕುಳಕ್ಕೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್ ಇದೆ, ಊರಿನ ಸೈಬರ್ ಠಾಣೆ ಇದೆ. ಆಕೆಯ ಜೊತೆ ಒಬ್ಬರು ಠಾಣೆಗೆ ಹೋಗಿ ಕೂರಬೇಕು. ಕೂರುವವರು ಸಿಕ್ಕಿದರೆ ಆಕೆ ಮತ್ತೆ ಬರೆಯುತ್ತಾಳೆ.

ಉಡುಪಿಯ ನೆನಪೂ ಇಲ್ಲಿ ಬರಬೇಕು. ಗುಜರಾತಿನ ಊನಾದಲ್ಲಿ ದಲಿತ ಯುವಕರನ್ನು ಕಟ್ಟಿ ಹೊಡೆದ ಮೇಲೆ, 2016ರ ಅಕ್ಟೋಬರ್ 4ರಂದು ಬೆಂಗಳೂರಿನಿಂದ ‘ಚಲೋ ಉಡುಪಿ’ ಜಾಥಾ ಹೊರಟಿತು. ಅಕ್ಟೋಬರ್ 9ರಂದು ಉಡುಪಿ ಸೇರಿತು. ‘ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು’ ಎಂಬ ಘೋಷಣೆ ಫೇಸ್‌ಬುಕ್ಕಿನಲ್ಲಿ ಓಡಾಡಿತು, ರಸ್ತೆಯಲ್ಲೂ ಕೇಳಿಸಿತು. ಹೆಚ್ಚು ಹೆಸರಾದದ್ದು ಆಹಾರದ ಮಾತು. ಭೂಮಿಯ ಮಾತು ಕಷ್ಟದ್ದು. ಅದಕ್ಕೆ ಸರ್ವೆ ನಂಬರ್ ಬೇಕು, ಡಿಸಿ ಮನ್ನಾ ಜಮೀನಿನ (ದಲಿತರಿಗೆಂದು ಮೀಸಲಿಟ್ಟ ಸರ್ಕಾರಿ ಜಮೀನು) ಕಡತ ಬೇಕು, ತಹಶೀಲ್ದಾರರ ಕಚೇರಿಗೆ ಹತ್ತು ಸಲ ಹೋಗುವವರು ಬೇಕು. ಕರಾವಳಿಯ ದಲಿತ ಸಂಘಟನೆಗಳು ಈ ಕೆಲಸ ಮಾಡುತ್ತಲೇ ಇವೆ. ಅದರ ಬಗ್ಗೆ ಬರೆಯುವವರು ಕಡಿಮೆ.

ಒಂದು ಅರ್ಜಿ ಬರೆಯೋಣ

ಸಿಟ್ಟನ್ನು ದಾಖಲೆ ಮಾಡುವ ದಾರಿಗಳಲ್ಲಿ ಅಗ್ಗದ್ದು ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ, ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಪ್ರತಿಗೆ ಪುಟವೊಂದಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ತೊಡಕು ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಹೊಸಬರ ಎಷ್ಟೋ ಅರ್ಜಿಗಳು ಇಲ್ಲೇ ಬಿದ್ದು ಹೋಗುತ್ತವೆ.

ನಿಮ್ಮ ವಾರ್ಡಿನ ರಸ್ತೆಗೆ ಡಾಮರು ಹಾಕಿದರು, ಒಂದೇ ಮಳೆಗೆ ಎದ್ದು ಹೋಯಿತು ಎಂದಿಟ್ಟುಕೊಳ್ಳಿ. ‘ಕಳಪೆ ಕಾಮಗಾರಿಗೆ ಯಾರು ಹೊಣೆ? ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿದರೆ ‘ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅವರು ಹೇಳುವುದರಲ್ಲೂ ಕಾನೂನಿನ ಆಧಾರ ಇದೆ. ಕಚೇರಿಯಲ್ಲಿ ಇರುವ ಕಾಗದವನ್ನು ಕೊಡಬೇಕು, ‘ಯಾಕೆ’ಗೆ ಹೊಸದಾಗಿ ಉತ್ತರ ಬರೆದುಕೊಡಬೇಕಿಲ್ಲ. ಅದಕ್ಕೇ ಹೀಗೆ ಕೇಳಬೇಕು:

‘ಇಂಥ ವಾರ್ಡಿನ ಇಂಥ ರಸ್ತೆಗೆ ಇಂಥ ವರ್ಷ ಹಾಕಿದ ಡಾಮರು ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಅಂತಿಮ ಬಿಲ್ ಮತ್ತು ಗುಣಮಟ್ಟ ಪರೀಕ್ಷೆಯ ವರದಿಯ ದೃಢೀಕೃತ ಪ್ರತಿಗಳನ್ನು ಕೊಡಿ.’

ಐದು ಕಾಗದ, ಒಂದೇ ವಿಷಯ. ಅಳತೆ ಪುಸ್ತಕವನ್ನು ಕಚೇರಿಯಲ್ಲಿ ಎಲ್ಲರೂ ‘ಎಂಬಿ’ ಅನ್ನುತ್ತಾರೆ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಹಾಕಿದ್ದೇವೆ ಎಂದು ಎಂಜಿನಿಯರ್ ಕೈಯಾರೆ ಬರೆದು ಸಹಿ ಮಾಡಿದ ಪುಸ್ತಕ ಅದು. ಎಂಬಿಯಲ್ಲಿ ಬರೆದ ದಪ್ಪಕ್ಕೂ ರಸ್ತೆಯ ಅಂಚಿನಲ್ಲಿ ನೀವು ಸ್ಕೇಲ್ ಹಿಡಿದು ಅಳೆದ ದಪ್ಪಕ್ಕೂ ತಾಳೆಯಾಗದಿದ್ದರೆ, ಆ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಸಾಕು. ಬೈಗುಳವೇ ಬೇಡ. ಕಾರ್ಯಾದೇಶ ಅಥವಾ ಕರಾರಿನಲ್ಲಿ ‘ಡಿಎಲ್‌ಪಿ’, ಅಂದರೆ ದೋಷಕ್ಕೆ ಗುತ್ತಿಗೆದಾರ ಹೊಣೆಯಾಗಿರುವ ಅವಧಿ, ಎಷ್ಟು ಎಂದೂ ಇರುತ್ತದೆ. ಆ ಅವಧಿಯೊಳಗೆ ರಸ್ತೆ ಹಾಳಾದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಇದು ಗೊತ್ತಾದರೆ ನಿಮ್ಮ ಬೇಡಿಕೆ ‘ರಸ್ತೆ ಸರಿ ಮಾಡಿ’ ಎಂದು ಬೇಡುವ ಹಾಗಿರುವುದಿಲ್ಲ, ‘ಕರಾರಿನ ಪ್ರಕಾರ ಮಾಡಿಸಿ’ ಎಂದಾಗುತ್ತದೆ. ಕಾಗದ ಅಷ್ಟೇ ಅಲ್ಲ, ಕಾಮಗಾರಿಯನ್ನು ಹೋಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕನ್ನೂ ಕಾಯ್ದೆಯ 2(ಜೆ) ಕಲಂ ಕೊಟ್ಟಿದೆ. ಇದನ್ನು ಬಳಸುವವರು ತೀರಾ ಕಡಿಮೆ.

ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ರಸ್ತೆ ಯಾರದ್ದು ಎಂದು ಮೊದಲೇ ತಿಳಿದುಕೊಳ್ಳಿ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ಅದಕ್ಕೆ ಕೇಂದ್ರದ ಪೋರ್ಟಲ್. ಪಾಲಿಕೆ, ಲೋಕೋಪಯೋಗಿ, ಪಂಚಾಯತ್ ಎಲ್ಲ ರಾಜ್ಯದವು. ತಪ್ಪಿ ಬೇರೆ ಕಚೇರಿಗೆ ಹಾಕಿದರೂ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು, 6(3) ಕಲಂ ಹಾಗೆನ್ನುತ್ತದೆ.

ಈಚೆಗೆ ಒಂದು ದೊಡ್ಡ ಪೆಟ್ಟು ಬಿದ್ದಿದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬದಲಿಸಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಮೊದಲು ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ ಕೊಡಬೇಕಿತ್ತು. ಈಗ ‘ವೈಯಕ್ತಿಕ’ ಎಂದರೆ ಸಾಕು, ನಿರಾಕರಿಸಬಹುದು. ಫಲಾನುಭವಿಗಳ ಪಟ್ಟಿ, ಅಧಿಕಾರಿಯ ಹೆಸರು ಇವೆಲ್ಲ ಇದರೊಳಗೆ ಸೇರಿಕೊಳ್ಳುವ ಭಯ ಇದೆ. ಉಳಿದಿರುವ ದಾರಿ 8(2) ಕಲಂ. ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಆ ಹಿತ ಏನೆಂದು ಮೇಲ್ಮನವಿಯಲ್ಲಿ ಬಿಡಿಸಿ ಬರೆಯುವುದನ್ನು ನಾವು ಇನ್ನು ಮೇಲೆ ಕಲಿಯಬೇಕು.

ಇದು ಅಪಾಯ ಇಲ್ಲದ ಕೆಲಸ ಎಂದು ಯಾರಿಗೂ ಹೇಳಬೇಡಿ. ಮಂಗಳೂರಿನ ಆರ್‌ಟಿಐ ಕಾರ್ಯಕರ್ತ ವಿನಾಯಕ ಬಾಳಿಗ ಅವರನ್ನು 2016ರ ಮಾರ್ಚ್ 21ರಂದು ಮನೆಯ ಹತ್ತಿರವೇ ಕೊಂದರು. ವಿಚಾರವಾದಿ ನರೇಂದ್ರ ನಾಯಕ್ ಮತ್ತು ಇತರರು ನ್ಯಾಯಕ್ಕಾಗಿ ವರ್ಷಗಟ್ಟಲೆ ದನಿ ಎತ್ತಿದರು. ಬಳಗ ಕಲಿಯಬೇಕಾದ್ದು ಇಷ್ಟು: ಅಪಾಯದ ಅರ್ಜಿಯನ್ನು ಒಬ್ಬರ ಹೆಸರಿನಲ್ಲಿ ಹಾಕಬೇಡಿ. ಒಂದೇ ಮಾಹಿತಿಯನ್ನು ಆರು ಜನ, ಬೇರೆ ಬೇರೆ ವಿಳಾಸದಿಂದ ಕೇಳಿ. ಆಗ ಗುರಿ ಇಡಲು ಒಬ್ಬ ಮನುಷ್ಯ ಸಿಗುವುದಿಲ್ಲ.

‘ಅಕ್ಕಾ, ಇದು ಹೌದಾ?’

ಗುಂಪಿನಲ್ಲಿ ನನಗೆ ತುಂಬಾ ಇಷ್ಟವಾಗುವ ಪ್ರಶ್ನೆ ಇದು. ರಾತ್ರಿ ಹತ್ತಕ್ಕೆ ಒಂದು ವಿಡಿಯೊ ಬರುತ್ತದೆ, ಕೆಳಗೆ ‘ಬಿ.ಸಿ. ರೋಡಿನಲ್ಲಿ ಈಗ ನಡೆದದ್ದು’ ಎಂದಿರುತ್ತದೆ. ಹಂಚುವ ಮುಂಚೆ ಯಾರಾದರೂ ಒಬ್ಬರು ಹೀಗೆ ಕೇಳಿದರೆ ಅರ್ಧ ಅನಾಹುತ ತಪ್ಪುತ್ತದೆ. ನೋಡುವ ಕ್ರಮ ಸುಲಭ. ಅಂಗಡಿ ಬೋರ್ಡಿನ ಅಕ್ಷರ ಯಾವ ಭಾಷೆಯದು? ವಾಹನದ ನಂಬರ್ ಕೆಎ 19, ಕೆಎ 20ರಂಥ ನಮ್ಮ ಕಡೆಯದ್ದಾ? ರಸ್ತೆ ಒದ್ದೆ ಇದೆ, ಇವತ್ತು ಅಲ್ಲಿ ಮಳೆ ಬಂದಿತ್ತಾ? ಒಂದು ಚಿತ್ರ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯದಾ ಎಂದು ಎಷ್ಟೋ ಸಲ ಗೊತ್ತಾಗುತ್ತದೆ. ಎಲ್ಲಕ್ಕಿಂತ ಬೇಗ ಆಗುವ ಕೆಲಸ, ಆ ಊರಲ್ಲಿರುವ ಪರಿಚಯದವರಿಗೆ ಒಂದು ಫೋನ್.

ಉಡುಪಿಯಲ್ಲಿ 2023ರ ಜುಲೈನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕಾಲೇಜೊಂದರ ಶೌಚಾಲಯದಲ್ಲಿ ವಿಡಿಯೊ ಮಾಡಿದ ಆರೋಪ ಬಂತು. ಒಂದೆರಡು ದಿನದಲ್ಲಿ ಗುಪ್ತ ಕ್ಯಾಮೆರಾ, ಜಾಲ, ಮಾರಾಟ ಎಂದೆಲ್ಲ ದೇಶ ತುಂಬ ಹಬ್ಬಿತು. ಉಡುಪಿಗೇ ಬಂದ ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆ ಖುಷ್ಬೂ ಸುಂದರ್, ಗುಪ್ತ ಕ್ಯಾಮೆರಾ ಇತ್ತೆಂಬುದು ವದಂತಿ, ಇದಕ್ಕೆ ಕೋಮು ಬಣ್ಣ ಬಳಿಯಬೇಡಿ ಎಂದರು. ಆ ಹೊತ್ತಿಗೆ ಸುಳ್ಳು ಬೇಕಾದಷ್ಟು ಕಡೆ ಮುಟ್ಟಿತ್ತು. ಇದು ಎದುರಿನವರ ರೋಗ ಮಾತ್ರ ಎಂದು ನಾವು ಅಂದುಕೊಳ್ಳಬಾರದು. ನಮಗೆ ಇಷ್ಟವಾಗುವ ಸುಳ್ಳೂ ಸುಳ್ಳೇ. ಒಮ್ಮೆ ಅದು ಸಿಕ್ಕಿಬಿದ್ದರೆ ನಮ್ಮ ನೂರು ನಿಜಗಳನ್ನೂ ಜನ ನಂಬುವುದಿಲ್ಲ.

ಇನ್ನು ನಾವೇ ಚಿತ್ರೀಕರಿಸಿದ ವಿಡಿಯೊ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಹೊತ್ತಿಗೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಆ ರಾತ್ರಿಯಿಂದ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ಬಂದ್ ಆಯಿತು. ಆನ್‌ಲೈನಲ್ಲೇ ಬದುಕುವ ಬಳಗಕ್ಕೆ ಅದು ದೊಡ್ಡ ಪಾಠ. ಇಂಟರ್ನೆಟ್ ಹೋದ ದಿನ ಯಾರ ಮನೆ ಎಲ್ಲಿ, ಯಾರ ನಂಬರ್ ಎಷ್ಟು ಎಂಬುದು ಕಾಗದದ ಮೇಲೆ ಇರಬೇಕು. ಆಮೇಲೆ ಮ್ಯಾಜಿಸ್ಟೀರಿಯಲ್ ತನಿಖೆಗೆ ಸಾರ್ವಜನಿಕರಿಂದ ಸಾಕ್ಷ್ಯ ಕೇಳಿದಾಗ ಫೋನಿನ ವಿಡಿಯೊಗಳಿಗೆ ಬೆಲೆ ಬಂತು.

ಆದರೆ ಕೋರ್ಟಿಗೆ ವಾಟ್ಸಾಪಿನಲ್ಲಿ ಬಂದ ತುಣುಕು ಸಾಲದು. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಯಾವಾಗ ತೆಗೆದದ್ದು ಎಂಬ ಒಳಮಾಹಿತಿ ಅಳಿಸಿ ಹೋಗುತ್ತದೆ. ಮೂಲ ಫೈಲು ತೆಗೆದ ಫೋನಿನಲ್ಲೇ ಇರಲಿ, ಕತ್ತರಿಸಬೇಡಿ, ಹೆಸರು ಬದಲಿಸಬೇಡಿ. ಪ್ರತಿ ಮಾಡುವುದಿದ್ದರೆ ಪೆನ್‌ಡ್ರೈವಿಗೆ ಹಾಕಿ, ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ‘ಹ್ಯಾಶ್’ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಳಗೆ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಪಬ್ ದಾಳಿ ಕೇಸನ್ನು ನೆನೆದಾಗಲೆಲ್ಲ ನನಗೆ ಈ ಒಣ ವಿವರಗಳೇ ಅತಿ ಮುಖ್ಯ ಅನ್ನಿಸುತ್ತವೆ.

ಠಾಣೆಯಿಂದ ಫೋನ್ ಬಂದರೆ

ಭಯ ಇರುವುದು ಸಹಜ. ಕಾನೂನು ಗೊತ್ತಿದ್ದರೆ ಸ್ವಲ್ಪ ಕಡಿಮೆಯಾಗುತ್ತದೆ. ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಿನಲ್ಲಿ ರದ್ದು ಮಾಡಿತು. ‘ಕಿರಿಕಿರಿ ಆಯಿತು’ ಎಂಬ ಕಾರಣಕ್ಕೆ ಪೋಸ್ಟಿನ ಮೇಲೆ ಕೇಸು ಹಾಕುವಂತಿಲ್ಲ. ಈಗ ಹೆಚ್ಚಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ), 299 (ಧಾರ್ಮಿಕ ಭಾವನೆ), 353 (ಸಾರ್ವಜನಿಕ ಕಿಡಿಗೇಡಿತನ) ಮತ್ತು 356 (ಮಾನಹಾನಿ). ಮಾನಹಾನಿಗೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ ಒಂದು ರಕ್ಷಣೆ. ಆದರೆ ನಿಜ ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಬೇಕು.

2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಮಾತು ಹೇಳಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಬೆಚ್ಚಿಬೀಳುವವರ ಅಳತೆಯಲ್ಲಿ ಅಲ್ಲ ಎಂದಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದೂ ಹೇಳಿತು.

‘ಸ್ವಲ್ಪ ಸ್ಟೇಷನ್ನಿಗೆ ಬಂದು ಹೋಗಿ ಮಾರಾಯ್ರೆ’ ಎಂದು ಫೋನ್ ಬಂದರೆ ಮರ್ಯಾದೆಯಿಂದಲೇ ಲಿಖಿತ ನೋಟಿಸ್ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ 35(3) ಕಲಂ ಅಡಿ ನೋಟಿಸ್ ಕೊಡಬೇಕು, ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ನೋಟಿಸ್ ಬಂದ ಮೇಲೆ ತಪ್ಪಿಸಿಕೊಳ್ಳಬೇಡಿ, ವಕೀಲರ ಜೊತೆ ಹೋಗಿ. ವಾಟ್ಸಾಪ್ ಅಡ್ಮಿನ್‌ಗಳಿಗೂ ಒಂದು ಸಮಾಧಾನ: ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನೇ ತಾನಾಗಿ ಅಪರಾಧಿ ಆಗುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಹಾಗೆಂದು ವಿಷದ ಪೋಸ್ಟನ್ನು ನೋಡಿಯೂ ಬಿಡಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೊ ಹಾಕುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ನ್ಯಾಯ ಕೇಳುವ ಭರದಲ್ಲಿ ನಮ್ಮವರೇ ಇದನ್ನು ಮರೆಯುತ್ತಾರೆ.

ಕೋರ್ಟಿನ ತಡೆಯಾಜ್ಞೆ ಇನ್ನೊಂದು ಅಸ್ತ್ರ. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ಕೋರ್ಟ್ ಸಾವಿರಾರು ಲಿಂಕ್‌ಗಳನ್ನು ತೆಗೆಯಲು ಆದೇಶಿಸಿತು. ಎದುರಿನವರ ಮಾತು ಕೇಳದೆ ಕೊಟ್ಟ ಆದೇಶ ಅದು. ಕರಾವಳಿಯ ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 1ರಂದು ಹೈಕೋರ್ಟ್ ಅದನ್ನು ರದ್ದು ಮಾಡಿ, ಮತ್ತೆ ಪರಿಶೀಲಿಸಲು ಕೆಳಗಿನ ಕೋರ್ಟಿಗೆ ಕಳಿಸಿತು. ಸರ್ಕಾರವೇ ‘ಸಹಯೋಗ್’ ಪೋರ್ಟಲ್ ಮೂಲಕ ಪೋಸ್ಟ್ ತೆಗೆಸುವುದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಮಾತ್ರ ಅದೇ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಅರ್ಥ ಇಷ್ಟೇ: ನೀವು ಬರೆದದ್ದು ನಾಳೆ ಪರದೆಯಿಂದ ಮಾಯವಾಗಬಹುದು. ಪ್ರತಿಯೊಂದರ ಪ್ರತಿ ನಿಮ್ಮ ಹತ್ತಿರ ಇರಲಿ.

ದುಡ್ಡು, ಮತ್ತು ಮೊದಲ ವಿಷಯ

ಈ ಕೆಲಸಕ್ಕೆ ದುಡ್ಡು ಬೇಕು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಪತ್ರಿಕೆ ಶುರು ಮಾಡಿದಾಗ ಜನರಿಂದಲೇ ಬಂಡವಾಳ ಕೂಡಿಸಿದ್ದರು. ದೊಡ್ಡ ಕನಸು ಅದು, ಆದರೆ ಹೆಚ್ಚು ವರ್ಷ ಬಾಳಲಿಲ್ಲ. ಇವತ್ತು ಯುಪಿಐ ಇದೆ, ನೂರು ರೂಪಾಯಿ ಕಳಿಸುವುದು ಸುಲಭ. ನಮ್ಮಲ್ಲಿ ದುಬೈ, ಕುವೈತ್, ಮಸ್ಕತ್‌ನಿಂದಲೂ ಕಳಿಸುವವರಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕಳಿಸಿದ ಉಳಿತಾಯದ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ತಮ್ಮನೋ ಭಾವನೋ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಸುದ್ದಿ ಕೊಡುವವರು ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ಕಾಯ್ದೆಯ 3ನೇ ಕಲಂ ಕಟ್ಟುನಿಟ್ಟಾದ ತಡೆ ಹಾಕಿದೆ. ಯಾರಿಂದ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ತಿಂಗಳಿಗೊಮ್ಮೆ ಗುಂಪಿನಲ್ಲೇ ಲೆಕ್ಕ ಹಾಕಿಬಿಡಿ. ಎಷ್ಟೋ ಬಳಗಗಳು ಸಿದ್ಧಾಂತಕ್ಕಲ್ಲ, ದುಡ್ಡಿನ ಅನುಮಾನಕ್ಕೆ ಒಡೆದಿವೆ.

ಮೊದಲು ಯಾವ ವಿಷಯ ಹಿಡಿಯಲಿ ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ದೆಹಲಿ ಬಿಟ್ಟು ಪಂಚಾಯತ್‌ನಿಂದ ಶುರು ಮಾಡಿ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮಂಗಳೂರು ಪಾಲಿಕೆಯ ಸದಸ್ಯರ ಅವಧಿ 2025ರಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ಪ್ರಶ್ನೆ ಕೇಳಬೇಕಾದ ಕುರ್ಚಿಗಳೇ ಖಾಲಿ ಬಿದ್ದವು. ಗ್ರಾಮ ಪಂಚಾಯತ್‌ನಲ್ಲಿ ಗ್ರಾಮಸಭೆ ನಡೆಯಲೇಬೇಕು, ಮತದಾರರೆಲ್ಲ ಅದರ ಸದಸ್ಯರು. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಿಡಿಒ ಅವರನ್ನು ಕೇಳಿ. ಹೋಗುವ ಮುಂಚೆ ಕಳೆದ ಸಭೆಯ ನಡಾವಳಿ ಮತ್ತು ಈ ವರ್ಷದ ಕ್ರಿಯಾ ಯೋಜನೆಯ ಪ್ರತಿ ಪಡೆದುಕೊಳ್ಳಿ. ಕಳೆದ ಸಲ ಒಪ್ಪಿದ ಕೆಲಸಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಗದಿರುವ ಒಂದನ್ನು ಆರಿಸಿ, ಸಭೆಯಲ್ಲಿ ಎದ್ದು ನಿಂತು ಕೇಳಿ, ಬಂದ ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಆ ರಾತ್ರಿ ಬರೆಯಲು ನಿಮ್ಮ ಕೈಯಲ್ಲಿ ವಿಷಯ ಇರುತ್ತದೆ, ಮುಂದಿನ ಗ್ರಾಮಸಭೆಗೆ ಕೇಳಲು ಪ್ರಶ್ನೆಯೂ ಇರುತ್ತದೆ.